ಸೂಜಿ ದಿನ ಮಗ್ಗ ನಿಲ್ಲಿಸುವುದು

ಕೆಮ್ಮು ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಅತ್ತೆಯ ಪ್ರಕಾರ ಚಳ್ಳಕೆರೆ ಬಸ್ಸಿನಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಹಿಡಿಯದೆ ಸೀನಿದ್ದರಿಂದ. ಚಳ್ಳಕೆರೆಯಲ್ಲಿರುವ ನನ್ನ ಅವ್ವನ ಪ್ರಕಾರ ಮೊಳಕಾಲ್ಮೂರಿನ ನಮ್ಮ ಮನೆಯ ಮಗ್ಗದ ಕುಣಿಯ ತಂಪಿನಿಂದ. ನನ್ನ ಗಂಡ ಮಂಜು ಯಾವುದೋ ಗೃಹಪ್ರವೇಶದ ಊಟ ಎನ್ನುತ್ತಾನೆ. ಮಾವ ಏನೂ ಹೇಳುವುದಿಲ್ಲ. ಆದರೆ ಎಲ್ಲರಿಗಿಂತ ಮೊದಲು ಗಂಟಲು ಕೆರೆದದ್ದು ಅವರಿಗೇ ಎಂದು ನನ್ನ ನೆನಪು. ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ನನಗೆ ತುಂಬ ಅನುಕೂಲವಾಗಿದೆ.

ಗೊತ್ತಿರುವುದು ಇಷ್ಟು. ಒಂದು ಬೆಳಿಗ್ಗೆ ನನ್ನ ಮಗಳು ಬುಜ್ಜಿಯ ಮೈ ಬಿಸಿ ಇತ್ತು. ಎಂಟು ತಿಂಗಳ ಮಗು. ಮೂಗು ಸೋರುತ್ತಿತ್ತು. "ನೆಗಡಿ ಬಿಡು, ಗಾಳಿ ಬದಲಾಗೈತೆ" ಎಂದರು ಅತ್ತೆ. ನಾನೂ ಬಿಟ್ಟೆ. ಮಧ್ಯಾಹ್ನ ಅವಳು ಎದೆಗೆ ಬಾಯಿ ಹಚ್ಚಿದಳು, ಒಂದೆರಡು ಸಲ ಎಳೆದಳು, ಬಿಟ್ಟಳು. ಮತ್ತೆ ಹಚ್ಚಿದೆ. ಮುಖ ತಿರುಗಿಸಿದಳು.

ಬುಜ್ಜಿಗೆ ಹಾಲು ಬೇಡವಾಯಿತು.

ಅಲ್ಲಿಯವರೆಗೆ ಅವಳಿಗೆ ಬೇಡವಾದದ್ದು ಈ ಲೋಕದಲ್ಲಿ ಯಾವುದೂ ಇರಲಿಲ್ಲ. ಲಾಳಿಯೊಳಗಿನ ಕಂಡಿಕೆಗೆ ನಾನು ನೂಲು ಸುತ್ತುವ ರಾಟೆಯ ಹಿಡಿ, ಮಂಜುವಿನ ಮೊಬೈಲು, ಅವಳ ತಾತನ ಕಿವಿ, ಎಲ್ಲವೂ ಒಮ್ಮೆ ಅವಳ ಬಾಯಿಗೆ ಹೋಗಿ ಬಂದವೇ. ಅಂಥವಳು ಈಗ ನನ್ನನ್ನು ನೋಡುತ್ತಿದ್ದಳು, ನೋಡುತ್ತಿರಲಿಲ್ಲ. ಅಂಗಿ ಎತ್ತಿ ನೋಡಿದೆ. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಹಕ್ಕಿಮರಿಯ ಹಾಗೆ ಎಂದು ಬರೆಯಲು ಹೊರಟೆ. ನಾನು ಹಕ್ಕಿಮರಿಯ ಪಕ್ಕೆ ಯಾವತ್ತೂ ನೋಡಿಲ್ಲ. ಅವಳ ಪಕ್ಕೆ ಹೋದ ಹಾಗೆ ಹೋಗುತ್ತಿತ್ತು, ಅಷ್ಟೇ.

ಪಕ್ಕದ ಮನೆಯ ತಿಪ್ಪೇಸ್ವಾಮಿಯ ಓಮ್ನಿಯಲ್ಲಿ ಚಳ್ಳಕೆರೆಗೆ ಹೋದೆವು. ದಾರಿಯಲ್ಲಿ ತಳಕು ಊರು ದಾಟಿದೆವು. ಆಮೇಲೆ ಅತ್ತೆ, "ಇವಳ ಕಾಲು ತಣ್ಣಗಾಗ್ಯಾವೆ" ಎಂದರು. ತಿಪ್ಪೇಸ್ವಾಮಿ ಗಾಡಿಯ ವೇಗ ಹೆಚ್ಚಿಸಿದ.

ಮಕ್ಕಳ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. ಮೂಗಿನಿಂದ ಸ್ವ್ಯಾಬ್ ತೆಗೆದರು. ಆಕ್ಸಿಜನ್ ಹಚ್ಚಿದರು. ಡಾಕ್ಟರ್ ಮೇಡಂ ನನಗಿಂತ ಸ್ವಲ್ಪವೇ ದೊಡ್ಡವರಿರಬೇಕು. ಅವಸರ ಮಾಡುತ್ತಿದ್ದರು, ಆದರೆ ಅವಸರ ಕಾಣಿಸುತ್ತಿರಲಿಲ್ಲ. "ಇನ್‌ಫ್ಲುಯೆಂಜಾ ಪಾಸಿಟಿವ್. ಫ್ಲೂ. ಎದೆಗೆ ಇಳಿದಿದೆ. ಅಡ್ಮಿಟ್ ಮಾಡ್ಕೋತೀನಿ" ಎಂದರು.

"ಅಂದ್ರೆ ನೆಗಡೀನಾ ಮೇಡಂ?" ಎಂದರು ಅತ್ತೆ.

"ನೆಗಡಿ ಥರಾನೇ ಬರುತ್ತೆ ಅಮ್ಮ. ಚಿಕ್ಕ ಮಕ್ಕಳಿಗೆ ಒಂದೊಂದು ಸಲ ಹೀಗಾಗುತ್ತೆ."

ಆಸ್ಪತ್ರೆಯ ದಿನಗಳನ್ನು ಸಾಲಾಗಿ ಹೇಳಲು ನನಗೆ ಬರುವುದಿಲ್ಲ. ಅವು ಸಾಲಾಗಿ ಇರಲಿಲ್ಲ. ಒಂದು ಸಿರಪ್ ಇತ್ತು, ಕುಡಿಸಿದರೆ ಕಕ್ಕುತ್ತಿದ್ದಳು. ಅವ್ವ ತರುತ್ತಿದ್ದ ಡಬ್ಬಿಯ ಅನ್ನ ಇತ್ತು, ಅದರ ಹಿಂದೆಯೇ ಅವಳ ಸೀರೆಯಿಂದ ಬರುವ ಶೇಂಗಾ ಎಣ್ಣೆಯ ವಾಸನೆ. ಅವ್ವನ ಮನೆ ಎಣ್ಣೆ ಮಿಲ್ಲಿನ ಗೋಡೆಗೆ ಅಂಟಿಕೊಂಡೇ ಇದೆ. ಮತ್ತೆ ನೆಬುಲೈಸರ್. ಗುರ್ ಎನ್ನುವ ಆ ಮೆಷಿನ್ನು ಹಚ್ಚಿದರೆ ವಾರ್ಡಿನ ಉಳಿದ ಮಕ್ಕಳು ಕಿರುಚುತ್ತಿದ್ದವು. ಬುಜ್ಜಿ ಮಾತ್ರ ಸುಮ್ಮನಾಗುತ್ತಿದ್ದಳು. "ಇದೊಳ್ಳೆ ಮಗು ಕಣ್ರಿ, ಮೆಷಿನ್ ಆಫ್ ಮಾಡಿದ್ರೆ ಅಳುತ್ತೆ" ಎಂದು ನರ್ಸ್ ನಕ್ಕಿದ್ದಳು. ಹಾಗೆ ಹೇಳಿದ್ದಳೇ? ಮುಂದೆ ಆದದ್ದನ್ನು ತಿಳಿದ ಮೇಲೆ ನಾನೇ ಇದನ್ನು ಅವಳ ಬಾಯಿಗೆ ತುರುಕಿದೆನೇ? ಮಂಜುವನ್ನು ಕೇಳಿದರೆ, "ನಾನು ಕೆಳಗೆ ಮೆಡಿಕಲ್ ಸ್ಟೋರಲ್ಲಿದ್ದೆ" ಎನ್ನುತ್ತಾನೆ. ಅವನ ನೆನಪಿನಲ್ಲಿ ಅವನು ಯಾವಾಗಲೂ ಮೆಡಿಕಲ್ ಸ್ಟೋರಲ್ಲೇ ಇರುತ್ತಾನೆ.

ಒಂದು ಬೆಳಿಗ್ಗೆ ಬುಜ್ಜಿ ಹಾಲು ಕುಡಿದಳು.

ನಾನು ಅಳಲಿಲ್ಲ. ಅತ್ತೆ ಅತ್ತರು. ಅವ್ವ ಅತ್ತೆಯನ್ನು ನೋಡಿ ಅತ್ತಳು.

ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದರು: "ಪೂರ್ತಿ ಚೇತರಿಸಿಕೊಂಡ ಮೇಲೆ ಫ್ಲೂ ವ್ಯಾಕ್ಸಿನ್ ಹಾಕಿಸಿ. ಗೌರ್ಮೆಂಟ್ ಲಿಸ್ಟ್‌ನಲ್ಲಿ ಇಲ್ಲ, ನಿಮ್ಮೂರ ನರ್ಸ್ ಹಾಕಲ್ಲ, ಇಲ್ಲಿಗೇ ಬರಬೇಕು. ಮೊದಲ ಸಲ ಎರಡು ಡೋಸ್, ತಿಂಗಳ ಅಂತರ. ಆಮೇಲೆ ವರ್ಷಕ್ಕೊಂದು."

"ಮನೇಲಿ ಕೇಳಿ ಹೇಳ್ತೀನಿ" ಎಂದೆ.

ಮನೆ ಎಂದರೆ ಅಲ್ಲೇ ಪಕ್ಕದಲ್ಲಿ ನಿಂತಿತ್ತು. ಅತ್ತೆ ನನ್ನ ಮುಖ ನೋಡಿದರು. ನಾನು ಯಾಕೆ ಹಾಗೆಂದೆ ಎಂದು ಅವರಿಗೆ ಗೊತ್ತಿತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ.

ನಮ್ಮ ಮನೆಯ ಸೂಜಿ ದಿನದ ಬಗ್ಗೆ ಹೇಳಬೇಕು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಾವನ ಮಗ್ಗ ನಡುಮನೆಯಲ್ಲೇ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಅವರು ನೇಯುತ್ತಾರೆ. ಮೇಲಿನ ತೊಲೆಗೆ ಬುಜ್ಜಿಯ ಜೋಲಿ. ನನ್ನ ಬಾಣಂತನ ಚಳ್ಳಕೆರೆಯಲ್ಲಿ ಆಯಿತು, ಮೂರನೇ ತಿಂಗಳಿಗೆ ಇಲ್ಲಿಗೆ ಬಂದೆ. ಬಂದ ಸ್ವಲ್ಪ ದಿನಕ್ಕೇ ನರ್ಸಮ್ಮ ಸೂಜಿ ಹಾಕಿದರು. ತೊಡೆ ಊದಿತು. ಜ್ವರ ಬಂತು. ಮಗು ಅತ್ತಿತು. ಮಾವ ನೇಯುವಾಗ, ನೂಲು ಒತ್ತಿ ಕೂರಿಸುವ ಹಲಗೆಯ ಏಟು ಬಿದ್ದಾಗಲೆಲ್ಲ ತೊಲೆ ಸಣ್ಣಗೆ ನಡುಗುತ್ತದೆ, ಜೋಲಿಯೂ ನಡುಗುತ್ತದೆ. "ಏಟು ಬಂದು ತೊಡೆಗೇ ತಾಕ್ತೈತೆ ಕೂಸಿಗೆ" ಎಂದು ಮಾವ ಮಗ್ಗ ನಿಲ್ಲಿಸಿಬಿಟ್ಟರು. ಆಮೇಲೆ ಅವರಿಗೆ ಅದೂ ಸಾಲಲಿಲ್ಲ. ನಮ್ಮ ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ಸೇರಿಕೊಂಡಿವೆ, ಎಲ್ಲರ ಮನೆಯಲ್ಲೂ ಮಗ್ಗ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೋಗಿ ಅಕ್ಕಪಕ್ಕದವರಿಗೂ ಹೇಳಿ ಬಂದರು.

"ಏನ್ ಚಿಕ್ಕಪ್ಪಾ, ಸೂಜಿ ಹಾಕಿರೋದು ಮಗೂಗಾ, ನಮ್ಮ ಮಗ್ಗಕ್ಕಾ?" ಎಂದನಂತೆ ತಿಪ್ಪೇಸ್ವಾಮಿ.

"ನಿನ್ನ ಬಾಯಿಗೆ ಹಾಕ್ಸಬೇಕಿತ್ತು ಕಣಲೇ. ನಿಲ್ಸು" ಎಂದರಂತೆ ಮಾವ.

ಎಲ್ಲರೂ ನಿಲ್ಲಿಸಿದರು. ಬೀದಿಗೆ ಬೀದಿಯೇ ಸುಮ್ಮನಾಯಿತು. ಬುಜ್ಜಿ ಅಳುತ್ತಲೇ ಇದ್ದಳು. ಮುಂದಿನ ಸೂಜಿಗೂ ಹಾಗೇ ಆಯಿತು. ಇಡೀ ದಿನ ಅತ್ತಳು ಎಂದು ನಾನು ಹೇಳುತ್ತೇನೆ. ಇಲ್ಲ, ಸಂಜೆಗೇ ಮಲಗಿದಳು ಎಂದು ಮಂಜು. ಎಷ್ಟು ಹೊತ್ತು ಅತ್ತಳೋ ಬಿಡಿ, ಅಷ್ಟು ಹೊತ್ತೂ ಮಾವ ಲಾಳಿ ಕೈಯಲ್ಲಿ ಹಿಡಿದು ಕುಣಿಯಲ್ಲೇ ಕೂತಿದ್ದು ನಿಜ. ಚಳ್ಳಕೆರೆಯಿಂದ ಅವ್ವ ಫೋನಿನಲ್ಲಿ, "ನಮ್ಮನೇಲಿ ಮೊದಲ ಸೂಜಿ ಹಾಕ್ಸಿದಾಗ ಅತ್ತೇ ಇಲ್ಲಪ್ಪ, ಹಾಯಾಗಿ ಮಲಗಿತ್ತು" ಎಂದಳು. ಅತ್ತೆ ಅದನ್ನು ಬೀಗತಿಯ ಜಂಬ ಎಂದು ತಿಳಿದು ಎರಡು ದಿನ ಫೋನ್ ಎತ್ತಲಿಲ್ಲ.

ಈಗ ಇನ್ನೂ ಎರಡು ಸೂಜಿ ಎಂದರೆ ನನಗೆ ಕಾಣಿಸಿದ್ದು ಅದು. ಅಳು, ಮೌನ, ಕುಣಿಯಲ್ಲಿ ಸುಮ್ಮನೆ ಕೂತ ಮಾವ. ಆಸ್ಪತ್ರೆಯಿಂದ ಈಗಷ್ಟೇ ಬಂದ ಮಗುವಿಗೆ ನಾನಾಗಿಯೇ ಜ್ವರ ತರಿಸಬೇಕೇ? ತರಿಸದೆ ಬಿಟ್ಟರೆ, ಮುಂದಿನ ಚಳಿಗೆ ಆ ಪಕ್ಕೆ ಮತ್ತೆ ಒಳಗೆ ಹೋದರೆ? ಎರಡನ್ನೂ ಒಟ್ಟಿಗೆ ಯೋಚಿಸುತ್ತ ರಾಟೆ ತಿರುಗಿಸಿದೆ. ಕಂಡಿಕೆ ತುಂಬಿ ನೂಲು ಹೊರಗೆ ಜಾರಿದ್ದು ಗೊತ್ತಾಗಲಿಲ್ಲ.

"ಜ್ವರ ಬಂದು ಹೋಯ್ತಲ್ಲಮ್ಮ, ಇನ್ನು ಅದರ ಸೂಜಿ ಯಾತಕ್ಕೆ?" ಎಂದರು ಅತ್ತೆ. "ಮುಂದಿನ ತಿಂಗಳು ದಡಾರದ್ದು ಬೇರೆ ಐತೆ."

"ಹಾಕ್ಸು. ನನ್ನ ಮಾತು ಕೇಳು" ಎಂದಳು ಅವ್ವ ಫೋನಿನಲ್ಲಿ.

"ನೀನು ಹೆಂಗೆ ಹೇಳ್ತೀಯೋ ಹಂಗೆ" ಎಂದ ಮಂಜು. ಇದಕ್ಕಿಂತ ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ.

"ಯಾವತ್ತು ಅಂತ ಹೇಳಮ್ಮ, ಮಗ್ಗ ನಿಲ್ಲಿಸ್ತೀನಿ" ಎಂದರು ಮಾವ.

ಮಗುವನ್ನು ಮತ್ತೆ ತೋರಿಸಲು ಹೊರಟಾಗ ಅತ್ತೆ ತಾವೂ ಬರುತ್ತೇನೆಂದರು. ಡಾಕ್ಟರ್ ಬುಜ್ಜಿಯ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಬುಜ್ಜಿ ಅದನ್ನು ಹಿಡಿದು ಬಾಯಿಗಿಟ್ಟುಕೊಂಡಳು. ಚೇತರಿಸಿಕೊಂಡಿದ್ದಾಳೆ ಎಂದು ನನಗೆ ಅಲ್ಲೇ ಗೊತ್ತಾಯಿತು.

"ಒಂದ್ ಸಲ ಬಂದು ಹೋದದ್ದು ಮತ್ತೆ ಬರ್ತೈತಾ ಮೇಡಂ?" ಎಂದು ಅತ್ತೆ ಶುರು ಮಾಡಿದರು.

"ಬರಬಹುದು. ಅದರಲ್ಲಿ ಬೇರೆ ಬೇರೆ ಥರ ಇವೆ."

"ಸೂಜಿ ಹಾಕ್ಸಿದ್ರೆ ಬರಾಕಿಲ್ವಾ?"

"ಬರೋದೇ ಇಲ್ಲ ಅಂತ ನಾನು ಹೇಳಲ್ಲ ಅಮ್ಮ. ಬಂದ್ರೂ ಮೊನ್ನೆಯಷ್ಟು ಜೋರಾಗೋದು ಕಮ್ಮಿ."

"ಹಾಕ್ಸಿದ್ರೆ ಜ್ವರ?"

"ಒಂದೆರಡು ದಿನ ಮೈ ಬೆಚ್ಚಗಾಗಬಹುದು, ತೊಡೆ ನೋಯಬಹುದು. ಈ ಸೂಜಿಯಿಂದ ಫ್ಲೂ ಬರಲ್ಲ."

ಅತ್ತೆ ಬುಜ್ಜಿಯ ತೊಡೆ ಸವರಿದರು. ಆಮೇಲೆ, "ಇದು ದೊಡ್ಡೋರಿಗೂ ಇರ್ತೈತಾ?" ಎಂದರು.

"ಇರುತ್ತೆ. ಮನೇಲಿ ಚಿಕ್ಕ ಮಗು ಇದ್ರೆ ದೊಡ್ಡವರು ಹಾಕಿಸ್ಕೊಳ್ಳೋದು ಒಳ್ಳೇದೇ."

"ಹಂಗಾರೆ ಮೊದ್ಲು ನನಗೆ ಹಾಕ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಹೊಸ ಬಣ್ಣದ ರೇಷ್ಮೆ ಬಂದ್ರೆ ನಾವು ಒಂದೆಳೆ ಕಿತ್ತು ನೀರಲ್ಲಿ ನೆನಸಿ ನೋಡ್ತೀವಿ ಮೇಡಂ, ಬಣ್ಣ ಬಿಡ್ತೈತಾ ಅಂತ. ಆಮೇಲೆ ಸೀರೆಗೆ ಹಾಕೋದು. ನನ್ನ ನೆನಸಿ ನೋಡ್ರಿ."

"ನಿಮ್ಮ ಮೈ ಬೇರೆ, ಮಗು ಮೈ ಬೇರೆ ಅಲ್ವಾ ಅಮ್ಮ?"

"ಗೊತ್ತೈತೆ. ಹಾಕ್ರಿ."

ಹಾಕಿದರು. ಅತ್ತೆ ಸೂಜಿಯನ್ನೇ ದಿಟ್ಟಿಸಿ ನೋಡುತ್ತಿದ್ದರು. ಬುಜ್ಜಿಯನ್ನು ಸೂಜಿ ಹಾಕಿಸದೆ ಹಾಗೇ ಮನೆಗೆ ಕರೆದುಕೊಂಡು ಬಂದೆವು.

ಮುಂದಿನ ದಿನಗಳಲ್ಲಿ ಅತ್ತೆಯ ತೋಳು ನಮ್ಮ ಮನೆಯ ಸುದ್ದಿಯಾಯಿತು. ಬೆಳಿಗ್ಗೆ ಎದ್ದು ರವಿಕೆಯ ತೋಳು ಮೇಲೆ ಸರಿಸಿ ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. "ಭಾರ ಐತೆ." ಮರುದಿನ, "ರಾಟೆ ತಿರುಗ್ಸಿದ್ರೆ ಮಾತ್ರ ಗೊತ್ತಾಗ್ತೈತೆ." ಬೀದಿಯ ಹೆಂಗಸರು ಬಂದು ಒತ್ತಿ ನೋಡಿ ಹೋದರು. ತಿಪ್ಪೇಸ್ವಾಮಿ, "ಚಿಕ್ಕಮ್ಮ, ನಿಮಗೂ ಮಗ್ಗ ನಿಲ್ಲಿಸಬೇಕೇನು?" ಎಂದು ಕಿಟಕಿಯಿಂದ ಕೇಳಿದ. ಅತ್ತೆ ಚೆಂಬಿನ ನೀರನ್ನು ಅವನ ಕಡೆ ಎರಚಿದರು, ಸೂಜಿ ಹಾಕಿಸಿದ ಕೈಯಿಂದಲೇ. ಆಗ ಅವರಿಗೂ ಅದು ಹೊಳೆಯಿತು. ಕೈಯನ್ನು ಮೇಲೆ ಕೆಳಗೆ ಆಡಿಸಿದರು.

"ಬಣ್ಣ ಬಿಡಲಿಲ್ಲ ಕಣಮ್ಮ. ಮಗೂಗೆ ಹಾಕ್ಸು" ಎಂದರು.

ನಾನು ಅದಕ್ಕೂ ಮೊದಲೇ ನಿರ್ಧರಿಸಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ಹಾಗಿರಲಿಲ್ಲ. ಆಗ ಡಾಕ್ಟರ್ ಹೇಳಿದ್ದನ್ನೆಲ್ಲ ನಂಬಿದ್ದೆ, ಆದರೂ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಒಂದು ಮುದಿ ತೋಳು ನೀರು ಎರಚಿದ್ದರಿಂದ ಹೋಯಿತು. ಇದು ವಿಜ್ಞಾನವಲ್ಲ ಎಂದು ನನಗೂ ಗೊತ್ತು, ಅತ್ತೆಗೂ ಗೊತ್ತು. ಆದರೆ ಆ ತೋಳು ನಮ್ಮ ಮನೆಯದು.

ಬುಜ್ಜಿಗೆ ಸೂಜಿ ಹಾಕಿಸಿ ಮಧ್ಯಾಹ್ನದ ಬಸ್ಸಿಗೆ ಮೊಳಕಾಲ್ಮೂರಿಗೆ ಬಂದೆವು. ಬೀದಿಗೆ ಕಾಲಿಟ್ಟಾಗಲೇ ತಿಳಿಯಿತು, ಮಾವ ಆಗಲೇ ಎಲ್ಲರಿಗೂ ಹೇಳಿಯಾಗಿದೆ. ಒಂದು ಮಗ್ಗದ ಸದ್ದೂ ಇಲ್ಲ. ನಾವು ನಡೆದು ಬರುವಾಗ ಬಾಗಿಲುಗಳಲ್ಲಿ ಕೂತಿದ್ದವರು ಪಿಸುಮಾತಿನಲ್ಲಿ, "ಆಯ್ತಾ?" ಎಂದು ಕೇಳಿದರು. ಯಾರದೋ ಮದುವೆಗೆ ಮುಗಿಯಬೇಕಾದ ಸೀರೆ ಮಾವನ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು. ಮಾವ ಕುಣಿಯಲ್ಲಿ ಕೂತಿದ್ದರು.

"ದಾ ತಲ್ಲಿ, ಬಂಗಾರು" ಎಂದು ತೆಲುಗಿನಲ್ಲಿ, ಬಾ ತಾಯಿ, ಬಂಗಾರ ಎಂದು ಕರೆದು ಕೈ ಚಾಚಿದರು.

ಬುಜ್ಜಿ ಅವರ ಕೈಗೆ ಹೋಗಿ ಅಳು ಶುರು ಮಾಡಿದಳು. ಮೈ ಬೆಚ್ಚಗಿತ್ತು. ಡಾಕ್ಟರ್ ಹೇಳಿದಷ್ಟು ಪ್ಯಾರಸಿಟಮಾಲ್ ಡ್ರಾಪ್ಸ್ ಹಾಕಿದೆ. ಜೋಲಿಯಲ್ಲಿ ಹಾಕಿ ತೂಗಿದೆ. ಎತ್ತಿಕೊಂಡು ಹಿತ್ತಲಿಗೆ ಹೋದೆ. ಅತ್ತೆ ಎತ್ತಿಕೊಂಡರು, ಮಂಜು ಎತ್ತಿಕೊಂಡ. ಅವಳ ಅಳು ಆ ಮೌನದಲ್ಲಿ ಇನ್ನೂ ದೊಡ್ಡದಾಗಿ ಕೇಳುತ್ತಿತ್ತು. ನಾನು ಅವಳ ಅಂಗಿ ಎತ್ತಿ ಪಕ್ಕೆ ನೋಡಿದೆ. ಸರಿಯಾಗಿತ್ತು. ಮತ್ತೆ ನೋಡಿದೆ.

ಆಗ ಗೋಡೆಯ ಆಚೆ ತಿಪ್ಪೇಸ್ವಾಮಿಯ ಮಗ್ಗ ಶುರುವಾಯಿತು.

ಯಾಕೆ ಶುರು ಮಾಡಿದನೋ. ನೀವು ಇನ್ನೂ ಬಂದಿಲ್ಲ ಎಂದುಕೊಂಡಿದ್ದೆ ಎಂದು ಅವನು ಹೇಳುತ್ತಾನೆ. ಬೇಸರಕ್ಕೆ ಮಾಡಿದ ಎಂದು ಅತ್ತೆ. ಟಕ್, ಟಕ್, ಧಡ್. ಮಾವ ಸಿಟ್ಟಿನಿಂದ ಎದ್ದರು. ಕುಣಿಯಿಂದ ಒಂದು ಕಾಲು ಮೇಲಿಟ್ಟಿದ್ದರು.

ಬುಜ್ಜಿ ಅಳು ನಿಲ್ಲಿಸಿದಳು.

ಗೋಡೆಯ ಕಡೆ ತಿರುಗಿದಳು. ಬಾಯಿ ತೆರೆದೇ ಇತ್ತು, ಅದರಲ್ಲಿ ಅಳು ಇರಲಿಲ್ಲ. ಗೋಡೆಯಾಚೆ ಮಗ್ಗ ನಿಂತಿತು. ಲಾಳಿಗೆ ಕಂಡಿಕೆ ಬದಲಾಯಿಸುತ್ತಿದ್ದನೇನೋ. ಅವಳ ತುಟಿ ಸೊಟ್ಟಗಾಯಿತು. ಮತ್ತೆ ಶುರುವಾಯಿತು. ತುಟಿ ನೆಟ್ಟಗಾಯಿತು.

ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾವ ಒಂದು ಕಾಲು ಮೇಲೆ, ಒಂದು ಕಾಲು ಕುಣಿಯಲ್ಲಿ.

"ಮಾವ, ಹೋಗಬ್ಯಾಡ್ರಿ. ನೀವೂ ಕೂತ್ಕೊಳ್ರಿ" ಎಂದೆ.

"ಏಟು ತಾಕ್ತೈತಮ್ಮ."

"ತಾಕ್ಲಿ. ಕೂತ್ಕೊಳ್ರಿ."

ಅವರು ಕೂತರು. ಮೊದಲು ಹಲಗೆಯನ್ನು ಎಷ್ಟು ಮೆಲ್ಲಗೆ ಎಳೆದರೆಂದರೆ ಸದ್ದೇ ಬರಲಿಲ್ಲ. ಆಮೇಲೆ ಸ್ವಲ್ಪ. ಆಮೇಲೆ ಯಾವತ್ತಿನ ಹಾಗೆ. ತೊಲೆ ನಡುಗಿತು, ಜೋಲಿ ನಡುಗಿತು. ಬುಜ್ಜಿ ಜೋಲಿಯಲ್ಲಿ ಹೆಬ್ಬೆರಳು ಚೀಪುತ್ತ ಮಲಗಿಬಿಟ್ಟಳು. "ಅಯ್ಯೋ, ಇಷ್ಟು ದಿನ ಕೂಸಿಗೆ ಮಗ್ಗ ಇಲ್ಲದಂಗೆ ಮಾಡಿ ಅಳಿಸಿದ್ವಲ್ಲ" ಎಂದು ಅತ್ತೆ ಹಣೆ ಬಡಿದುಕೊಂಡು ನಕ್ಕರು. ಬೀದಿಯಲ್ಲಿ ಒಂದೊಂದೇ ಮಗ್ಗ ಶುರುವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಬಸುರಿಯಾಗಿದ್ದಾಗ ನಾನು ಈ ಮಗ್ಗದ ಪಕ್ಕದಲ್ಲೇ ಕೂತು ಕಂಡಿಕೆ ಸುತ್ತುತ್ತಿದ್ದೆ. ಮೊದಲ ಸೂಜಿಗೆ ಅವಳು ಅಳದೆ ಮಲಗಿದ ಅವ್ವನ ಮನೆಗೆ ಮಿಲ್ಲಿನ ಸದ್ದು. ಆಸ್ಪತ್ರೆಯಲ್ಲಿ ನೆಬುಲೈಸರ್. ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಬಹುದು. ಬೀದಿಯಲ್ಲಿ ಎಲ್ಲರೂ ಪೋಣಿಸಿದರು. ನಾನೂ. ಆದರೆ ಡ್ರಾಪ್ಸ್ ಹಾಕಿ ಆಗ ಸ್ವಲ್ಪ ಹೊತ್ತಾಗಿತ್ತು. ಅತ್ತು ಸುಸ್ತಾಗಿಯೂ ಇದ್ದಳು. ಇಷ್ಟು ಸಲೀಸಾಗಿ ಕೂಡಿಕೊಳ್ಳುವುದನ್ನು ಕಂಡರೆ ನನಗೆ ಅನುಮಾನ.

ತಿಂಗಳಾದ ಮೇಲೆ ಎರಡನೇ ಡೋಸ್ ಹಾಕಿಸಿದೆವು. ಈ ಸಲ ಯಾರೂ ಯೋಚಿಸಲಿಲ್ಲ. ನಾನು, ಮಂಜು ಕೂಡ ಹಾಕಿಸಿಕೊಂಡೆವು. ಮಾವ ಮಾತ್ರ, "ನೇಯೋ ಕೈ, ಮಗ್ಗದಿಂದ ಈ ಮದುವೆ ಸೀರೆ ಇಳೀಲಿ, ಆಮೇಲೆ ನೋಡಾಣ" ಎಂದು ಜಾರಿಕೊಂಡರು. ನಾವು ಬರುವ ಹೊತ್ತಿಗೆ ಇಡೀ ಬೀದಿ ನೇಯುತ್ತಿತ್ತು. ಬೇಕೆಂದೇ ನೇಯುತ್ತಿದ್ದರು, ಏಟು ಎಂದಿಗಿಂತ ಜೋರಾಗಿತ್ತು. ತಿಪ್ಪೇಸ್ವಾಮಿ ಕಿಟಕಿಯಿಂದ ತಲೆ ಹಾಕಿ, "ಬರ್ಲಿ ಬರ್ಲಿ, ಔಷಧಿ ರೆಡಿ ಐತೆ" ಎಂದ.

ಬುಜ್ಜಿ ಅತ್ತಳು.

ಜೋಲಿಯಲ್ಲಿ ಹಾಕಿದರೂ ಅತ್ತಳು. ತಾತನ ಮಗ್ಗ ಕಾಲ ಕೆಳಗೇ ನಡೆಯುತ್ತಿದ್ದರೂ ಅತ್ತಳು. ಮಾವನಿಗೆ ಇದು ದೊಡ್ಡ ಅವಮಾನವಾಯಿತು. ಕೇಳಿಸುತ್ತಿಲ್ಲವೇನೋ ಎಂಬಂತೆ ಇನ್ನೂ ಜೋರಾಗಿ ಎಳೆದರು.

"ಏನಯ್ಯಾ, ಹಿಂಗೆ ಹೊಡೆದ್ರೆ ಸೀರೆ ಹಲಗೆಯಾಗ್ತೈತೆ" ಎಂದರು ಅತ್ತೆ. "ಉಟ್ಟ ಹುಡುಗಿ ಕೂರಾಕಾಗಲ್ಲ."

"ನಿಂತ್ಕೊಂಡೇ ಮದುವೆಯಾಗ್ಲಿ" ಎಂದು ಮಾವ ಎಳೆದರು.

ನಾನು ಬುಜ್ಜಿಯನ್ನು ಎತ್ತಿಕೊಂಡು ರಾಟೆಯ ಪಕ್ಕ ಕೂತೆ. ತೊಡೆ ಬಿಸಿ ಇತ್ತು, ಪಕ್ಕೆ ಸರಿಯಾಗಿತ್ತು. ಎದೆಗೆ ಹಚ್ಚಿದೆ. ಬಿಕ್ಕುತ್ತಲೇ ಕುಡಿದಳು. ಹಾಲು ಬೇಡ ಎನ್ನಲಿಲ್ಲ. ನನಗೆ ಅಷ್ಟು ಸಾಕಿತ್ತು. ಬರುವ ಚಳಿಗೆ ಕೆಮ್ಮು ಬರುವುದಿಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ, ಡಾಕ್ಟರೂ ಕೊಟ್ಟಿಲ್ಲ. ವರ್ಷ ತಿರುಗಿದ ಮೇಲೆ ಮತ್ತೆ ಅದೇ ಬಸ್ಸು ಹತ್ತಿ ಸೂಜಿಗೆ ಹೋಗಬೇಕು. ಆಗಲೂ ಅತ್ತೆ ತೋಳು ಮುಂದೆ ಚಾಚುತ್ತಾರೆ, ಅದು ಗೊತ್ತು.

ಆ ಸೀರೆ ಆಮೇಲೆ ಮುಗಿಯಿತು, ಹೋಯಿತು. ಮಡಿಕೆ ಹಾಕುವಾಗ ಮಾವ ಒಂದು ಕಡೆ ಬೆರಳಾಡಿಸಿ ತೋರಿಸಿದರು. ಗೇಣಿನಷ್ಟು ಅಗಲ ಹೊಕ್ಕಿನ ಅಡ್ಡನೂಲು ಒತ್ತಾಗಿ ಕೂತಿತ್ತು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಎರಡನೇ ಸೂಜಿಯ ದಿನ ಬುಜ್ಜಿ ನನ್ನ ಮಡಿಲಲ್ಲಿ ಎಷ್ಟು ಹೊತ್ತಿಗೆ ಮಲಗಿದಳೋ ನಾನೂ ಗಮನಿಸಿರಲಿಲ್ಲ. ಗಮನಿಸಿದ ಮೇಲೆ ಅತ್ತೆ ಸನ್ನೆ ಮಾಡಿದರು, ಹೇಳಬೇಡ ಎಂದು. ಮಾವ ನಮಗೆ ಬೆನ್ನು ಮಾಡಿಕೊಂಡು, ಅವಳು ಇನ್ನೂ ಅಳುತ್ತಿದ್ದಾಳೆಂದೇ ತಿಳಿದು, ಜೋರಾಗಿ ನೇಯುತ್ತಲೇ ಇದ್ದರು.